ಗ್ರಾಮದ ಜೀವಸಂಪತ್ತಿಗೂ ಒಂದು ಲೆಕ್ಕ

ಭೂಮಿಗೆ ಸರ್ವೆ ನಂಬರೂ ಪಹಣಿಯೂ ಇರುವುದರಿಂದ, ಎಲ್ಲೆಯ ವಿಷಯದಲ್ಲಿ ತಕರಾರು ಹುಟ್ಟಿದಾಗ ಹಿಡುವಳಿದಾರನು ತನ್ನ ಹಕ್ಕನ್ನು ಸ್ಥಾಪಿಸಲು ಶಕ್ತನಾಗುತ್ತಾನೆ. ಆದರೆ ಅದೇ ಭೂಮಿಯಲ್ಲಿ ತಲೆತಲಾಂತರದಿಂದ ಬೆಳೆದುಬಂದ ಭತ್ತದ ತಳಿ, ಬದುವಿನ ಮೇಲಣ ಔಷಧಿಯ ಗಿಡ, ಕೆರೆಯ ಮೀನು ಇವುಗಳಿಗೆ ಬಹುಕಾಲದವರೆಗೆ ಯಾವ ಲೆಕ್ಕವೂ ಇರಲಿಲ್ಲ. ಇವುಗಳ ಗುಣವನ್ನು ಬಲ್ಲ ವೃದ್ಧರು ಗತಿಸಿದೊಡನೆ ಆ ತಿಳಿವಳಿಕೆಯೂ ಅವರೊಡನೆಯೇ ಹೋಗುತ್ತಿದ್ದಿತು.

ಬರೆದಿಟ್ಟ ಆಧಾರದ ಬೆಲೆಯೆಷ್ಟೆಂಬುದು ಅರಿಸಿನದ ವ್ಯಾಜ್ಯದಿಂದ ವಿಶದವಾಯಿತು. ಅರಿಸಿನವು ಗಾಯವನ್ನು ಮಾಯಿಸುವುದೆಂಬ ವಿಷಯದ ಮೇಲೆ 1995ರಲ್ಲಿ ಅಮೆರಿಕಾ ದೇಶದಲ್ಲಿ ಪೇಟೆಂಟು ಕೊಡಲ್ಪಟ್ಟಿತು. ನಮ್ಮ ಮನೆಮನೆಯ ಹೆಂಗಸರೂ ಬಲ್ಲ ಸಂಗತಿಯಾದರೂ, ಬಾಯಿಮಾತಿನ ಸಾಕ್ಷ್ಯವು ಅಲ್ಲಿ ಸಾಲದಾಯಿತು. ಭಾರತದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತಿನವರು ಹಳೆಯ ಗ್ರಂಥಗಳನ್ನೂ ಅಚ್ಚಾದ ಲೇಖನಗಳನ್ನೂ ಮುಂದಿಟ್ಟ ಮೇಲೆ, 1997ರಲ್ಲಿ ಆ ಪೇಟೆಂಟು ರದ್ದಾಯಿತು. ಗ್ರಂಥಸ್ಥವಾದ ವೈದ್ಯಜ್ಞಾನವನ್ನು ಒಂದೆಡೆ ಸೇರಿಸುವ ಕಾರ್ಯವು 2001ರಲ್ಲಿ ಪ್ರಾರಂಭವಾಯಿತು. ಗ್ರಂಥವನ್ನು ಸೇರದೆ ಹಳ್ಳಿಯಲ್ಲಿಯೇ ಉಳಿದ ತಿಳಿವಳಿಕೆಯನ್ನಾದರೋ ಹಳ್ಳಿಯವರೇ ಬರೆದಿಡಬೇಕಾಗಿದೆ.

ಈ ಉದ್ದೇಶಕ್ಕಾಗಿ 2002ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯು ಮೂರು ಮೆಟ್ಟಿಲುಗಳ ಏರ್ಪಾಡನ್ನು ಮಾಡಿದೆ. ಕೆಳಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅದರ ಮೇಲೆ ರಾಜ್ಯದ ಜೀವವೈವಿಧ್ಯ ಮಂಡಳಿ. ಎಲ್ಲಕ್ಕೂ ಮೇಲೆ ಚೆನ್ನೈ ನಗರದಲ್ಲಿ 2003ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರಾಧಿಕಾರ. ಜನರೊಡನೆ ವಿಚಾರಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದೇ ಸಮಿತಿಯ ಮುಖ್ಯ ಕರ್ತವ್ಯವು. ವಿದೇಶೀಯರು ಇಲ್ಲಿನ ಜೀವಸಂಪತ್ತನ್ನು ಸಂಶೋಧನೆಗಾಗಲಿ ವ್ಯಾಪಾರಕ್ಕಾಗಲಿ ಪಡೆಯಬೇಕಾದರೆ ಪ್ರಾಧಿಕಾರದ ಅನುಮತಿಯು ಅವಶ್ಯಕ. ಪ್ರಾಧಿಕಾರವೂ ಮಂಡಳಿಯೂ ನಿರ್ಣಯಿಸುವಾಗ ಆಯಾ ಸಮಿತಿಯನ್ನು ವಿಚಾರಿಸತಕ್ಕದ್ದೆಂದು ಕಾಯಿದೆಯೇ ವಿಧಿಸಿದೆ. ಆದರೆ ದಾಖಲಾತಿಯಲ್ಲಿ ಹೆಸರೇ ಇಲ್ಲದ ತಳಿಯ ಪರವಾಗಿ ಸಮಿತಿಯು ಏನನ್ನು ತಾನೆ ಹೇಳೀತು?

ಇಂದು ದೇಶದಲ್ಲಿ 2,50,000ಕ್ಕೂ ಮೇಲ್ಪಟ್ಟು ಸಮಿತಿಗಳಿವೆ. ಸಂಖ್ಯೆಯು ತೃಪ್ತಿಕರವಾದರೂ, ಇವುಗಳಲ್ಲಿ ಬಹುಭಾಗವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಗಡುವು ವಿಧಿಸಿದ ಮೇಲೆ ತ್ವರೆಯಿಂದ ರಚಿತವಾದವು. ನೆರೆಯೂರಿನ ಪಟ್ಟಿಯನ್ನು ನಕಲು ಮಾಡಿದ ದಾಖಲಾತಿಯಿಂದ ಕಪಾಟು ತುಂಬುವುದೇ ಹೊರತು ಗ್ರಾಮಕ್ಕೆ ಪ್ರಯೋಜನವಾಗದು.

ಆದಕಾರಣ ಗ್ರಾಮದ ಮುಖಂಡರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಯುಕ್ತ. ಪ್ರತಿಯೊಂದು ತಳಿಯ ಸ್ಥಳೀಯ ಹೆಸರು, ಅದು ಬೆಳೆಯುವ ನೆಲ, ಬಿತ್ತುವ ಕಾಲ, ವಿಶೇಷ ಗುಣ ಇವಿಷ್ಟನ್ನೂ ಬರೆಯಿಸಬೇಕು. ಉತ್ತರ ಕನ್ನಡದ ಗಜನಿ ಭೂಮಿಯ ಕಗ್ಗ ಭತ್ತವನ್ನು ಬರಿದೆ ‘ಭತ್ತ’ವೆಂದು ಬರೆದರೆ, ಉಪ್ಪುನೀರನ್ನು ಸಹಿಸುವ ಅದರ ಗುಣವೇ ಮರೆಯಾಗುವುದು. ಬಿತ್ತನೆ ಬೀಜವನ್ನು ಆರಿಸಿ ಕಾಯ್ದಿಡುವ ಹೆಂಗಸರನ್ನೂ, ಕುರಿಗಾಹಿಗಳನ್ನೂ, ನಾಟಿವೈದ್ಯರನ್ನೂ ತಪ್ಪದೆ ಕೇಳಬೇಕು. ಭೂಮಾಲಿಕರಿಗೆ ತಿಳಿಯದ ಎಷ್ಟೋ ಸಂಗತಿಗಳು ಅವರಿಗೆ ತಿಳಿದಿರುತ್ತವೆ. ಹೇಳಿದವರ ಒಪ್ಪಿಗೆಯಿಲ್ಲದೆ ಮದ್ದಿನ ಮರ್ಮವನ್ನು ಹೊರಗೆಡಹಬಾರದು. ಕೆರೆಯಲ್ಲಿ ಯಾವ ಮೀನಿದೆಯೆಂಬುದನ್ನು ಎಲ್ಲರಿಗೂ ತಿಳಿಸಬಹುದು. ಒಂದು ಕುಟುಂಬವು ಗೋಪ್ಯವಾಗಿ ಕಾಪಾಡಿದ ಔಷಧಕ್ರಮವನ್ನು ಹಾಗೆ ಹರಡುವುದು ನ್ಯಾಯವಲ್ಲ.

ದಾಖಲಾತಿಯಿಂದ ತಮ್ಮ ಸ್ವಂತ ಬಳಕೆಗೆ ಅಡ್ಡಿಯಾದೀತೆಂದು ರೈತರು ಶಂಕಿಸಬೇಕಾಗಿಲ್ಲ. ಸ್ಥಳೀಯ ಜನರಿಗೂ ಬೆಳೆಗಾರರಿಗೂ ಪರಂಪರೆಯ ವೈದ್ಯರಿಗೂ ಕಾಯಿದೆಯು ವಿನಾಯಿತಿಯನ್ನು ಕೊಟ್ಟಿದೆ.

ದೇವನಹಳ್ಳಿಯ ಸಮೀಪದ ನಲ್ಲೂರು ಹುಣಿಸೆ ತೋಪು 2007ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿತವಾಗಿ, ದೇಶಕ್ಕೇ ಮೊದಲನೆಯದೆಂಬ ಕೀರ್ತಿಯನ್ನು ಪಡೆಯಿತು. ಅಂತಹ ತೋಪು ಎಲ್ಲ ಊರಿನಲ್ಲಿಯೂ ಇರಲಾರದು. ಆದರೆ ಲೆಕ್ಕದಲ್ಲಿ ಸೇರಿಸತಕ್ಕ ಒಂದು ಮರ, ಒಂದು ಬೀಜ, ಒಬ್ಬ ಅನುಭವಸ್ಥರು ಇಲ್ಲದ ಊರೇ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ದಾಖಲಾತಿಯನ್ನು ತರಿಸಿ, ಹಿರಿಯರೆದುರಿಗೆ ಓದಿಸಿ, ಬಿಟ್ಟುಹೋದುದನ್ನು ಸೇರಿಸುವುದು ಪ್ರತಿ ಗ್ರಾಮದ ಹಿತಕ್ಕೂ ಅತ್ಯವಶ್ಯಕವಾದ ಕಾರ್ಯವಾಗಿದೆ.