ಬೇಸಿಗೆಯ ಒಂದು ಹಗಲು ಹಲಸಿಯಲ್ಲಿ

ಗೋವಾಕ್ಕೋ ದಾಂಡೇಲಿಗೋ ಹೊರಟವರು ಹಲಸಿಯಲ್ಲಿ ಗಾಡಿ ನಿಲ್ಲಿಸಿ, ಭೂವರಾಹನಿಗೆ ಕೈಮುಗಿದು, ನಾಲ್ಕು ಫೋಟೊ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಈ ಊರಿಗೆ ಅದು ಸಾಲದು. ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕಾ ಇದೇ. ಆರೇಳು ನೂರು ವರ್ಷಗಳ ನಂತರ ಗೋವೆಯ ಕದಂಬರ ಕಾಲದಲ್ಲಿ ಇದು ಮತ್ತೆ ಮೆರೆಯಿತು. ಹಲಸಿಗೆ ಹನ್ನೆರಡು ಸಾವಿರ ಎಂಬ ನಾಡಿಗೆ ಹೆಸರು ಕೊಟ್ಟದ್ದೂ ಇದೇ ಊರು. ಇಂಥ ಊರಿಗೆ ಒಂದು ಪೂರ್ತಿ ಹಗಲು ಕೊಡಬೇಕು. ಆ ಹಗಲು ಏಪ್ರಿಲ್–ಮೇ ತಿಂಗಳದ್ದಾದರೆ ಬಿಸಿಲಿನ ಲೆಕ್ಕ ಹಿಡಿದೇ ತಿರುಗಾಟ ಹೊಂದಿಸಿಕೊಳ್ಳಬೇಕು.

ಬೆಳಗಾವಿಯಿಂದ ಹಲಸಿ ಸುಮಾರು 40 ಕಿ.ಮೀ. ಬೆಳಗಾವಿ–ಲೋಂಡಾ ರೈಲುಮಾರ್ಗದಲ್ಲಿ ಖಾನಾಪುರ ಸಿಗುತ್ತದೆ, ಬಸ್ಸುಗಳೂ ಇವೆ. ಖಾನಾಪುರದಿಂದ ನಂದಗಡದ ಮೇಲೆ ಹಾದು ಹಲಸಿ ಸೇರಬೇಕು. ಬೆಳಗಾವಿಯನ್ನು ನಸುಕಿನಲ್ಲೇ ಬಿಡಿ. ಬುತ್ತಿ ಕಟ್ಟಿಕೊಳ್ಳಿ, ನೀರು ಹೆಚ್ಚಿಗೇ ಇರಲಿ, ಒಂದು ಸಣ್ಣ ಟಾರ್ಚ್ ಇರಲಿ. ಟಾರ್ಚಿನ ಕೆಲಸ ಏನೆಂದು ಮುಂದೆ ಹೇಳುತ್ತೇನೆ. ಊರಲ್ಲಿ ಮರಾಠಿ ಹೆಚ್ಚು ಕಿವಿಗೆ ಬಿದ್ದರೂ ಕನ್ನಡದಲ್ಲಿ ದಾರಿ ಕೇಳಲು ಅಡ್ಡಿಯಿಲ್ಲ.

ಏರುವ ಕೆಲಸವನ್ನು ಮೊದಲು ಮುಗಿಸಿ. ಊರ ಸಮೀಪದ ರಾಮತೀರ್ಥ ಗುಡ್ಡದಲ್ಲಿ ರಾಮೇಶ್ವರ ಗುಡಿಯಿದೆ. ಬೆಳಗಿನ ತಂಪಿನಲ್ಲಿ ಹತ್ತಿ ಇಳಿದುಬಿಟ್ಟರೆ ಹಗುರ. ಹನ್ನೊಂದು ಗಂಟೆಯ ನಂತರ ಅದೇ ಏರು ದಣಿಸಿಬಿಡುತ್ತದೆ. ಇಳಿದು ಬಂದವರು ನೇರ ಭೂವರಾಹ ನರಸಿಂಹ ಗುಡಿಗೆ ಹೋಗಿ. ಚಪ್ಪಲಿ ಬಿಟ್ಟು ನಡೆಯುವ ಅಂಗಳದ ಕಲ್ಲು ಆ ಹೊತ್ತಿಗಿನ್ನೂ ಕಾದಿರುವುದಿಲ್ಲ. ನಡುಹಗಲು ಗರ್ಭಗುಡಿಯ ಬಾಗಿಲು ಹಾಕುವುದುಂಟೇ ಎಂದು ಅರ್ಚಕರನ್ನು ಆಗಲೇ ವಿಚಾರಿಸಿಕೊಳ್ಳಿ.

ಈ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಒಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಇನ್ನೊಂದರಲ್ಲಿ ಕುಳಿತ ವಿಷ್ಣು. ನಡುವೆ ಮಂಟಪ. ಕಟ್ಟಿದ ಕಾಲ 12ನೇ ಶತಮಾನ. ಗೋವೆಯ ಕದಂಬ ಅರಸರಾದ ಶಿವಚಿತ್ತ ಪೆರ್ಮಾಡಿ ಮತ್ತು ಅವನ ತಮ್ಮ ವಿಷ್ಣುಚಿತ್ತ ವಿಜಯಾದಿತ್ಯರ ಆಳ್ವಿಕೆ. ಒಬ್ಬ ಶಿವನನ್ನು, ಒಬ್ಬ ವಿಷ್ಣುವನ್ನು ಮನಸ್ಸಿನಲ್ಲಿಟ್ಟುಕೊಂಡವನೆಂದು ಬಿರುದುಗಳೇ ಹೇಳುತ್ತವೆ. ಭೂವರಾಹನೂ ಸುವರ್ಣೇಶ್ವರ, ಹಾಟಕೇಶ್ವರ, ಗೋಕರ್ಣೇಶ್ವರ, ಕಪಿಲೇಶ್ವರರೂ ನೆಲೆಸಿರುವ ಊರಿಗೆ ಈ ಅಣ್ಣತಮ್ಮಂದಿರ ಬಿರುದು ಚೆನ್ನಾಗಿ ಒಪ್ಪುತ್ತದೆ.

ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಅರ್ಧ ಜನ ಅಲ್ಲಿಂದಲೇ ಕೈಮುಗಿದು ಹಿಂದಿರುಗುತ್ತಾರೆ. ಕಣ್ಣಿನ ಪಾಪೆ ಕ್ಷಣದಲ್ಲಿ ಹಿಗ್ಗುತ್ತದೆ ನಿಜ. ಆದರೆ ಮಂದ ಬೆಳಕಿನಲ್ಲಿ ನೋಡಲೆಂದೇ ಇರುವ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ, ಅದು ಬಿಸಿಲಿಗೆ ಒಡೆದುಹೋಗಿರುತ್ತದೆ. ಪೂರ್ತಿ ಕೂಡಿಬರಲು ಇಪ್ಪತ್ತು–ಮೂವತ್ತು ನಿಮಿಷ ಬೇಕು; ಐದು ನಿಮಿಷ ಕುಳಿತರೂ ಬಹಳಷ್ಟು ತಿಳಿಯಾಗುತ್ತದೆ. ಮಂಟಪದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಮೊಬೈಲ್ ತೆಗೆದರೆ ಆ ಬೆಳಕಿಗೆ ಕಣ್ಣಿನ ಹೊಂದಾಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಈಗ ಟಾರ್ಚಿನ ಮಾತು. ಶಾಸನದ ಅಕ್ಷರವಾಗಲಿ ತೆಳುವಾಗಿ ಕೆತ್ತಿದ ಗೆರೆಯಾಗಲಿ ಎದುರಿನಿಂದ ಬೆಳಕು ಬಿಟ್ಟರೆ ಮಾಯವಾಗುತ್ತದೆ, ಏಕೆಂದರೆ ಗೆರೆಯ ತಗ್ಗಿಗೆ ನೆರಳೇ ಬೀಳುವುದಿಲ್ಲ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿ. ಪ್ರತಿ ಅಕ್ಷರದ ಅಂಚೂ ನೆರಳಾಗಿ ಎದ್ದು ನಿಲ್ಲುತ್ತದೆ. ಹೊರಗೋಡೆಗಳಿಗೆ ಇದೇ ಕೆಲಸವನ್ನು ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಮಾಡಿಕೊಡುತ್ತದೆ. ಉಳಿದ ಗುಡಿಗಳನ್ನು ಸಂಜೆಗೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಹನ್ನೆರಡರಿಂದ ಮೂರೂವರೆಯವರೆಗೆ ತಿರುಗಬೇಡಿ. ಮೆಡಿಟರೇನಿಯನ್ ದ್ವೀಪಗಳ ಹಳೆಯ ಪೇಟೆಗಳಲ್ಲಿ ಬೇಸಿಗೆಯ ನಡುಹಗಲು ಅಂಗಡಿ ಮುಚ್ಚಿ ಒಳಗೆ ಒರಗುವುದು ತಲೆತಲಾಂತರದ ರೂಢಿ; ಅಲ್ಲಿಗೆ ಹೋದ ನಮ್ಮವರು ಅದನ್ನು ಒಪ್ಪಿಕೊಳ್ಳುತ್ತಾರೆ, ನಮ್ಮೂರಲ್ಲಿ ಮಾತ್ರ ನೆತ್ತಿ ಸುಟ್ಟುಕೊಳ್ಳುತ್ತಾರೆ. ನೆರಳಲ್ಲಿ ಬುತ್ತಿ ಬಿಚ್ಚಿ. ಮಜ್ಜಿಗೆ ಕುಡಿಯಿರಿ. ಹಾದಿಯಲ್ಲಿ ಕವಳಿಹಣ್ಣು ಮಾರುವವರು ಸಿಕ್ಕರೆ ಬಿಡಬೇಡಿ.

ಊಟವಾದ ಮೇಲೆ ಒರಗಿದಾಗ ನೆನೆಯಲು ಒಂದು ಸಂಗತಿಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಊರ ಹೊರಗೆ, ನಂದಗಡದ ದಾರಿಯ ಚಕ್ರತೀರ್ಥವೆಂಬ ಸಣ್ಣ ಬಾವಿಯ ಹತ್ತಿರ, ಮಣ್ಣಿನ ದಿಬ್ಬವೊಂದರಲ್ಲಿ ತಾಮ್ರಪಟಗಳು ಸಿಕ್ಕವು. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದರು. ಐದು–ಆರನೇ ಶತಮಾನದ ಕದಂಬರು ಅವುಗಳಲ್ಲಿ ಮಾತಾಡುತ್ತಾರೆ. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುತ್ಸ್ಥವರ್ಮ ಹೊಲ ಕೊಟ್ಟ. ಮೃಗೇಶವರ್ಮ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಬಿಟ್ಟ. ಮಳೆಗಾಲದ ನಾಲ್ಕು ತಿಂಗಳು ಮುನಿಗಳ ಊಟಕ್ಕೆ ರವಿವರ್ಮ ವ್ಯವಸ್ಥೆ ಮಾಡಿದ, ಕಾರ್ತಿಕದಲ್ಲಿ ವರ್ಷವರ್ಷವೂ ಜಿನೇಂದ್ರನ ಉತ್ಸವ ನಡೆಯಬೇಕೆಂದ. ಈ ಮಲೆನಾಡ ಸೆರಗಿನ ಮಳೆಯಲ್ಲಿ ತಿರುಗಾಡಲಾಗದ ಮುನಿಗಳ ಹೊಟ್ಟೆಯ ಚಿಂತೆ ಅರಸನಿಗಿತ್ತಲ್ಲ ಎನ್ನುವುದೇ ನನಗೆ ಹಲಸಿಯ ಅತಿ ದೊಡ್ಡ ಸಂಗತಿ.

ನಾಲ್ಕರ ಹೊತ್ತಿಗೆ ಉಳಿದ ಗುಡಿಗಳು, ಜೈನ ಬಸದಿ. ತಲೆಯೆತ್ತಿ ಶಿಖರ ನೋಡಿ. ಅಲಂಕಾರ ಕಡಿಮೆಯಾಗಿ, ಕಲ್ಲಿನ ಪದರಗಳು ಮೆಟ್ಟಿಲಿನಂತೆ ಕಿರಿದಾಗುತ್ತ ಮೇಲೇರಿ ಕಳಸದಲ್ಲಿ ನಿಲ್ಲುವ ರೀತಿಗೆ ಕದಂಬ ಶಿಖರ ಎಂದೇ ಹೆಸರು. ಇದನ್ನೇ ಮುಂದೆ ಹೊಯ್ಸಳರ ದೊಡ್ಡಗದ್ದವಳ್ಳಿಯಲ್ಲೂ ಹಂಪಿಯ ಹೇಮಕೂಟದಲ್ಲೂ ಕಾಣುತ್ತೀರಿ. ಸ್ವಂತ ಗಾಡಿಯವರು ಕಿತ್ತೂರಿನ ಹತ್ತಿರದ ದೇಗಾಂವಿಗೆ ಹೋಗಬಹುದು. ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಬಸ್ಸಿನವರಿಗೆ ನಂದಗಡ ಅನುಕೂಲ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲೇ, ಸಮಾಧಿಯೂ ಅಲ್ಲಿದೆ.

ಮೇ ತಿಂಗಳಲ್ಲಿ ಸಂಜೆಗೆ ಮೋಡ ಕಟ್ಟಿ ಗುಡುಗಿನ ಅಡ್ಡಮಳೆ ಸುರಿಯುವುದುಂಟು. ಆಗ ಬಯಲಲ್ಲಿ, ಒಂಟಿ ಮರದಡಿ ನಿಲ್ಲಬೇಡಿ. ಫೋಟೊ ಚೆನ್ನಾಗಿ ಬರಲೆಂದು ಶಾಸನದ ಅಕ್ಷರಗಳಿಗೆ ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಕಲ್ಲಿನ ರಂಧ್ರಕ್ಕೆ ಇಳಿದ ಎಣ್ಣೆಯನ್ನು ತೆಗೆಯುವುದು ಕಷ್ಟ. ಹಲಸಿಯಲ್ಲಿ ಇಳಿಯುವಾಗಲೇ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಕಂಡಕ್ಟರ್‌ರನ್ನು ಕೇಳಿಟ್ಟುಕೊಳ್ಳಿ.