ನಿಮಗಿದು ಗೊತ್ತೆ? ಹುಲಿಗಿಯ ಗಾಳಿ ಯಾವ ಊರಿನದು!

ಕೊಪ್ಪಳ ಜಿಲ್ಲೆಯ ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಬಂದವರನ್ನು ಯಾವ ಊರೆಂದು ಕೇಳಬಹುದು. ಗಾಳಿಯನ್ನು? ಅದಕ್ಕೂ ದಾರಿಯುಂಟು. ಅಮೆರಿಕದ ‘ನೋವಾ’ ಸಂಸ್ಥೆಯ ‘ಹೈಸ್ಪ್ಲಿಟ್’ ಎಂಬ ಗಣಕ ಮಾದರಿ ಉಚಿತ. ಕೊಪ್ಪಳದ ಕಾಲೇಜು ವಿದ್ಯಾರ್ಥಿಯೂ ಬಳಸಬಹುದು. ಅಕ್ಷಾಂಶ, ರೇಖಾಂಶ, ದಿನಾಂಕ ಕೊಟ್ಟರೆ ಗಾಳಿ ಹಿಂದಿನ ದಿನಗಳಲ್ಲಿ ಸಾಗಿಬಂದ ಹಾದಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಮುಂಗಾರಿನಲ್ಲಿ ಆ ಗೆರೆ ಅರಬ್ಬೀ ಸಮುದ್ರದತ್ತ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯದತ್ತ.

ಆದರೆ ಇದೇ ಜಿಲ್ಲೆಯ ಗಿಣಿಗೇರಾ, ಹಿರೇಬಗನಾಳದ ಕಬ್ಬಿಣದ ಕಾರ್ಖಾನೆಗಳ ಹೊಗೆಯಂಥ ಹತ್ತಿರದ ಲೆಕ್ಕಕ್ಕೆ ಹೈಸ್ಪ್ಲಿಟ್ ತೀರಾ ಒರಟು. ಅಲ್ಲಿಗೆ ‘ಏರ್‌ಮಾಡ್’ ಎಂಬ ಇನ್ನೊಂದು ಮಾದರಿ ಬೇಕು. ಅದು ಚಿಮಣಿಯ ಎತ್ತರ, ಹೊಗೆಯ ಬಿಸಿ, ವೇಗ ಎಲ್ಲವನ್ನೂ ಕೇಳುತ್ತದೆ. ಈ ಅಂಕಿ ಸಿಗುವುದೇ ವಿದ್ಯಾರ್ಥಿಗಳಿಗೆ ಕಷ್ಟ!

ಅಂದಹಾಗೆ, ಇಂಥ ಹೊಗೆಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ದೂಳಿಗೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5.