ನೆರೆಬಣ್ಣದ ನಿಯಮ

ಚಿತ್ರಗಳ ಇತಿಹಾಸವನ್ನು ಬರೆಯುವವರು ಒಂದೊಂದು ವರ್ಣವನ್ನೂ ಬಿಡಿಯಾಗಿ ನೋಡಿ ಇದು ಮಂಕು, ಇದು ಉಜ್ಜ್ವಲ ಎಂದು ನಿರ್ಣಯಿಸುವುದುಂಟು. ಈ ಪದ್ಧತಿಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸಲು ಫ್ರಾನ್ಸಿನ ಒಂದು ಪ್ರಸಂಗವು ಸಹಾಯಕವಾಗಿದೆ.

ಪ್ಯಾರಿಸ್ಸಿನ ಗೊಬೆಲಿನ್ ಕಾರ್ಖಾನೆಯು ಗೋಡೆಗೆ ತೂಗುಹಾಕುವ ಚಿತ್ರಪಟಗಳನ್ನು ನೆಯ್ಯುವುದಕ್ಕೆ ಹೆಸರಾದುದು. 1824ರಲ್ಲಿ ರಸಾಯನಶಾಸ್ತ್ರಜ್ಞನಾದ ಮಿಷೆಲ್ ಯೂಜೆನ್ ಷೆವ್ರಲ್ ಅಲ್ಲಿಯ ಬಣ್ಣ ಹಾಕುವ ವಿಭಾಗಕ್ಕೆ ನಿರ್ದೇಶಕನಾದನು. ನೀಲಿ ಮತ್ತು ನೇರಿಳೆ ಉಡುಪುಗಳ ನೆರಳನ್ನು ತೋರಿಸಲು ಬಳಸುತ್ತಿದ್ದ ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಆತನ ಮುಂದೆ ಬಂದಿತು. ಆತನು ಬೇರೆ ಕಡೆಗಳಿಂದ ಒಳ್ಳೆಯ ಕಪ್ಪು ಉಣ್ಣೆಯನ್ನು ತರಿಸಿ ಹೋಲಿಸಲಾಗಿ, ಕಾರ್ಖಾನೆಯ ಕಪ್ಪು ಅವುಗಳಿಗಿಂತ ಕೀಳಾಗಿರಲಿಲ್ಲ. ಹಾಗಾದರೆ ಅದನ್ನು ಮಂಕಾಗಿಸಿದುದು ಯಾವುದು? ಅದರ ಪಕ್ಕದಲ್ಲಿದ್ದ ನೀಲಿಯೇ.

ಇದನ್ನು ತಿಳಿಯಲು ವರ್ಣಗಳ ಸಂಬಂಧವನ್ನು ನೆನೆಯಬೇಕು. ಚಿತ್ರಕಾರರ ಸಾಂಪ್ರದಾಯಿಕ ಗಣನೆಯಂತೆ ಕೆಂಪು, ಹಳದಿ, ನೀಲಿ ಇವು ಮೂಲವರ್ಣಗಳು. ಇವುಗಳಲ್ಲಿ ಎರಡೆರಡು ಬೆರೆತು ಕಿತ್ತಳೆ, ಹಸಿರು, ನೇರಿಳೆ ಹುಟ್ಟುತ್ತವೆ. ಒಂದು ಮೂಲವರ್ಣಕ್ಕೆ ಉಳಿದೆರಡರ ಮಿಶ್ರಣವು ಪೂರಕವರ್ಣ: ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಿಳೆ. ಪ್ರತಿಯೊಂದು ವರ್ಣವೂ ತನ್ನ ನೆರೆಯದರ ಮೇಲೆ ತನ್ನ ಪೂರಕದ ಛಾಯೆಯನ್ನು ತಂದಂತೆ ಕಣ್ಣಿಗೆ ತೋರುತ್ತದೆ. ನೀಲಿಯ ಪಕ್ಕದ ಕಪ್ಪು ಕಿತ್ತಳೆಯ ಕಡೆಗೆ ವಾಲಿ ತನ್ನ ಗಾಢತೆಯನ್ನು ಕಳೆದುಕೊಳ್ಳುತ್ತದೆ. ಕೆಂಪು ಮತ್ತು ಹಸಿರು ಅಕ್ಕಪಕ್ಕದಲ್ಲಿದ್ದರೆ ಎರಡೂ ಮತ್ತಷ್ಟು ಪ್ರಖರವಾಗುತ್ತವೆ. ಒಂದೇ ಬೂದುಬಣ್ಣದ ಎರಡು ಚೂರುಗಳನ್ನು ಕೆಂಪು ಮತ್ತು ಹಸಿರು ಕಾಗದಗಳ ಮೇಲಿರಿಸಿ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಷೆವ್ರಲ್ ಈ ನಿಯಮವನ್ನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಬೆಳಕಿನ ಮಿಶ್ರಣವು ಬಣ್ಣದ ಪುಡಿಗಳ ಮಿಶ್ರಣಕ್ಕಿಂತ ಭಿನ್ನವೆಂದು 1852ರಲ್ಲಿ ಹೆಲ್ಮ್‌ಹೋಲ್ಟ್ಸ್ ತೋರಿಸಿದನು. ಬೆಳಕಿನ ಲೆಕ್ಕದಲ್ಲಿ ನೀಲಿಗೆ ಹಳದಿಯೇ ಪೂರಕ. ಹೀಗೆ ಜೋಡಿಗಳು ತುಸು ವ್ಯತ್ಯಾಸಗೊಂಡರೂ ನೆರೆಬಣ್ಣದ ಪ್ರಭಾವವೆಂಬ ಮುಖ್ಯಾಂಶವು ನಿಂತಿದೆ.

ಇತಿಹಾಸಕಾರನಿಗೆ ಇದರಿಂದ ಬರುವ ಎಚ್ಚರಿಕೆ ಸಣ್ಣದಲ್ಲ. ಷೆವ್ರಲ್‌ನ ವಿಚಾರಗಳನ್ನು ಅಭ್ಯಸಿಸಿದ ಚಿತ್ರಕಾರ ಸ್ಯೂರಾ, 1884ರಿಂದ 1886ರವರೆಗೆ ರಚಿಸಿದ 'ಗ್ರಾಂದ್ ಜಾತ್' ಚಿತ್ರದಲ್ಲಿ ಬಣ್ಣದ ಚುಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದನು. ಅವನು ಬಳಸಿದ ಸತುವಿನ ಹಳದಿಯು ಕೆಲವೇ ವರ್ಷಗಳಲ್ಲಿ ಕಂದಿ ಕಂದುಬಣ್ಣಕ್ಕೆ ತಿರುಗಿತು. ಒಂದು ವರ್ಣವು ಕೆಟ್ಟುದರಿಂದ, ಕೆಡದೆ ಉಳಿದ ನೆರೆಯ ವರ್ಣಗಳೂ ಇಂದು ಚಿತ್ರಕಾರನು ಕಂಡಂತೆ ನಮಗೆ ಕಾಣುತ್ತಿಲ್ಲ. ಆದುದರಿಂದ ಹಳೆಯ ಚಿತ್ರದ ಒಂದು ವರ್ಣವನ್ನು ವರ್ಣಿಸುವಾಗ ಅದರ ನೆರೆಯಲ್ಲಿ ಯಾವುದಿದೆ, ಹಿಂದೆ ಅದು ಹೇಗಿತ್ತು ಎಂಬುದನ್ನೂ ದಾಖಲಿಸುವುದು ಅವಶ್ಯಕ. ಹಾಗೆ ಮಾಡದಿದ್ದರೆ ಕಾಲದ ಕೃತ್ಯವನ್ನು ಕಲಾವಿದನ ಮೇಲೆ ಹೊರಿಸಿದಂತಾಗುತ್ತದೆ.